ಒಲಿಂಡಾದ ಬೀದಿಯಲ್ಲಿ ಗಂಡಸಿಯ ಗೊಂಬೆಗಳು

ಹೆಣ್ಣು ಗೊಂಬೆಯ ಹೊಟ್ಟೆಯಲ್ಲಿ ಅಂಗೈಯಗಲದ ಕಿಂಡಿ. ಗೊಂಬೆ ಹೊತ್ತು ಒಳಗೆ ನಿಂತ ಹೇಮಾಶ್ರೀಗೆ ಅದರಿಂದ ಕಾಣುತ್ತಿದ್ದುದು ಎದುರಿನ ಗಂಡು ಗೊಂಬೆಯ ಕಿಂಡಿ, ಅದರೊಳಗೆ ಮೋಹನ್‌ಕುಮಾರನ ಎರಡು ಕಣ್ಣು.

ಅರಸೀಕೆರೆ ಹತ್ತಿರದ ಗಂಡಸಿಯ ಗಾರುಡಿ ಗೊಂಬೆ ತಂಡ ಬ್ರೆಜಿಲ್‌ನ ಕಡಲೂರು ಒಲಿಂಡಾಕ್ಕೆ ಕಾರ್ನಿವಲ್ ಹಬ್ಬಕ್ಕೆ ಬಂದಿತ್ತು. ಅಲ್ಲಿಯವರೂ ಆಳೆತ್ತರ ಮೀರಿದ ಗೊಂಬೆಗಳನ್ನು ಹೊತ್ತು ಬೀದಿ ಬೀದಿ ಕುಣಿಯುತ್ತಾರೆ. ಈ ಹೆಣ್ಣು ಗೊಂಬೆಯನ್ನು ಮೊದಲು ಹೊರುತ್ತಿದ್ದವನು ಹೇಮಾಳ ಗಂಡ ಮಂಜುನಾಥ, ಮೋಹನನ ಜೀವದ ಗೆಳೆಯ. ಜ್ವರ ಬಂದು ಅವನು ತೀರಿಕೊಂಡ ಮೇಲೆ, ಜೋಡಿ ಒಡೆಯಬಾರದೆಂದು ಅತ್ತೆ ಬಸಮ್ಮನೇ ಸೊಸೆಯ ಹೆಗಲಿಗೆ ಗೊಂಬೆ ಏರಿಸಿದ್ದಳು.

ಇಳಿಜಾರಿನ ಕಲ್ಲುಬೀದಿ. ಕಹಳೆ, ನಗಾರಿ, ಮೈಗೆಲ್ಲ ಮಿನುಗುಪುಡಿ ಬಳಿದುಕೊಂಡ ಜನ. ಕೆಲವರು ಎರಡೂ ಗೊಂಬೆಗಳನ್ನು ಹತ್ತಿರ ತಳ್ಳಿ, ತುಟಿಗೆ ಬೆರಳು ಮುಟ್ಟಿಸಿ ಕೂಗತೊಡಗಿದರು.

"ಏನಂತೆ ಅವ್ರದ್ದು?"

"ಗೊಂಬೆಗಳು ಮುತ್ತು ಕೊಟ್ಕೋಬೇಕಂತೆ," ಮೋಹನ ನಕ್ಕ.

"ಅಯ್ಯೋ, ಹೋಗ್ರೀ!"

ಮೇಲೆ ಬಣ್ಣದ ಮುಖಗಳು ತಾಗಿದವು. ಕೆಳಗೆ ಕಿಂಡಿಗಳ ನಡುವೆ ಗೇಣು ಜಾಗ. ಅವನ ರೆಪ್ಪೆಯ ಮೇಲೆ ಬೆವರಹನಿಯೊಂದು ನಿಂತಿತ್ತು. ಅದನ್ನು ಒರೆಸಲೆಂದು ಅವಳ ಬೆರಳು ತಾನಾಗಿ ಮೇಲೆದ್ದು, ಗೊಂಬೆಯ ಬಿದಿರ ಚೌಕಟ್ಟಿಗೆ ತಗುಲಿ ನಿಂತಿತು.

"ಹೇಮಾ," ಎಂದ. ಅತ್ತಿಗೆ ಎನ್ನದೆ ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಇನ್ನು ಬಚ್ಚಿಟ್ಕೊಳ್ಳಕ್ಕಾಗಲ್ಲ. ನನ್ನ ಮದ್ವೆ ಆಗ್ತೀರಾ?"

ಹೇಮಾ ಕಿಂಡಿಗೆ ಇನ್ನಷ್ಟು ಹತ್ತಿರ ಬಾಗಿದಳು.

"ಗೊಂಬೆ ಒಳಗೆ ನಿಂತ್ಕಂಡು ಯಾರು ಬೇಕಾದ್ರೂ ಕೇಳ್ತಾರೆ. ಊರಲ್ಲಿ, ನಮ್ಮತ್ತೆ ಎದುರಿಗೆ ಕೇಳಿ. ಹೂಂ ಅಂತೀನಿ."

"ಅರಸೀಕೆರೇಲಿ ರೈಲು ಇಳಿದ ತಕ್ಷಣ ಕೇಳ್ತೀನಿ, ನೋಡಿ."

ಹಬ್ಬ ಮುಗಿಸಿ ತಂಡ ವಾಪಸಾದಾಗ ಅರಸೀಕೆರೆ ಸ್ಟೇಷನ್ನಿನಲ್ಲಿ ಊರಿನವರು ಹಾರ ಹಿಡಿದು ಕಾದಿದ್ದರು. ಬಸಮ್ಮ ಮೋಹನನ ತಲೆ ಸವರಿ, "ಬಂದ್ಯೇನಪ್ಪಾ," ಎಂದಳು. ಹೇಮಾ ಅತ್ತೆಯ ಪಕ್ಕದಲ್ಲೇ ಬಂದು ನಿಂತಳು. ಅವಳ ಕಣ್ಣು ಅವನ ಮುಖ ಬಿಟ್ಟು ಕದಲಲಿಲ್ಲ.

ಮೋಹನ ಬಾಯಿ ತೆರೆದ. ಅಷ್ಟರಲ್ಲಿ ಹಿಂದಿನಿಂದ ಯಾರೋ, "ಏನ್ಲಾ ಮೋಹನಾ, ಮಂಜನ ಹೆಂಡ್ತೀನ ಹುಷಾರಾಗಿ ಕರ್ಕಂಡ್ ಬಂದ್ಯಾ?" ಎಂದರು. ಜನ ನಕ್ಕರು. ಅವನ ಮುಖ ಇಳಿದುಹೋಯಿತು.

"ಅತ್ತಿಗೆ, ನಿಮ್ಮ ಬ್ಯಾಗು," ಎಂದು ಅವಳ ಕೈಗಿಟ್ಟು, ತಲೆ ಎತ್ತದೆ ಜನರ ನಡುವೆ ನಡೆದುಬಿಟ್ಟ.

ಗಂಡಸಿ ಬಸ್ಸಿನಲ್ಲಿ ಅತ್ತೆ ಸೊಸೆ ಅಕ್ಕಪಕ್ಕ ಕೂತರು. ಬಸಮ್ಮ ಮೆಲ್ಲಗೆ ಕೇಳಿದಳು.

"ಮೋಹನ ನಿನ್ನ ಏನಾರ ಕೇಳಿದ್ನೇನವ್ವಾ?"

"ಏನು ಅತ್ತೆ?"

"ಇಬ್ರೂ ಅಷ್ಟು ದೂರ ಹೋಗ್ತಾವೆ, ಮದ್ವೆ ಮಾತು ಕೇಳ್ತಾನೆ ಅಂದ್ಕಂಡಿದ್ದೆ. ನಾನು ಹೂಂ ಅನ್ನಾಕೆ ಕಾಯ್ತಿದ್ದೆ ಕಣವ್ವಾ."

ಹೇಮಾ ಬ್ಯಾಗನ್ನು ಎದೆಗವಚಿಕೊಂಡು ಕಿಟಕಿಯ ಕಡೆ ತಿರುಗಿದಳು.

"ಇಲ್ಲ ಅತ್ತೆ," ಎಂದಳು. "ಕೇಳ್ಲಿಲ್ಲ."