ಮೂರು ಸುಳ್ಳು ಟಿಕ್

“ಇದರಲ್ಲಿ ಮೂರು ದಿನದ ಮಾತ್ರೆ ಜಾಸ್ತಿ ಇದೆಯಲ್ಲೇ!”

ಮನೆಗೆ ಬಂದಿದ್ದ ನರ್ಸ್ ಅಕ್ಕ ಮಾತ್ರೆಯ ಸ್ಟ್ರಿಪ್ಪನ್ನು ಬೆಳಕಿಗೆ ಹಿಡಿದು ಮತ್ತೊಮ್ಮೆ ಎಣಿಸಿದಳು. ಆಮೇಲೆ ಕಾರ್ಡ್ ನೋಡಿದಳು. ಕಾರ್ಡಿನಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಪ್ರತಿ ಚೌಕದಲ್ಲೂ ಹಸಿರು ಪೆನ್ನಿನ ಟಿಕ್.

ಗಿರಗಿಟ್ಲೆ ಹಸಿರು ಪೆನ್ನನ್ನು ಬೆನ್ನ ಹಿಂದೆ ಅಡಗಿಸಿದಳು. ಒಂದು ಕಡೆ ಕೂರದ ಹುಡುಗಿ ಎಂದು ಮನೆಯವರು ಇಟ್ಟ ಹೆಸರು ಅದು. ಈಗ ಮಾತ್ರ ಕಂಬದ ಹಾಗೆ ನಿಂತುಬಿಟ್ಟಿದ್ದಳು. ಅಪ್ಪನಿಗೆ ಟಿಬಿ ಬಂದ ಮೇಲೆ ದಿನಾ ಬೆಳಿಗ್ಗೆ ಮಾತ್ರೆ ಕೊಟ್ಟು ಟಿಕ್ ಹಾಕುವುದು ಅವಳದೇ ಡ್ಯೂಟಿ.

“ಎಣಿಸೋದ್ರಲ್ಲಿ ತಪ್ಪಿರಬೇಕು,” ಎಂದ ಅಪ್ಪ. ಅವನು ಅಂಗಡಿಗಳಿಗೆ ಬೋರ್ಡ್ ಬರೆಯುವವನು. ಗೋಡೆಯ ಕಡೆ ತಿರುಗಿ, ಒಣಗಿದ್ದ ಬ್ರಷ್ಷನ್ನೇ ಒರೆಸುತ್ತಿದ್ದ.

ಗಿರಗಿಟ್ಲೆಗೆ ತಡೆಯಲಾಗಲಿಲ್ಲ. “ತಪ್ಪಿಲ್ಲ ಅಕ್ಕಾ. ಅಪ್ಪ ಮೂರು ದಿನದಿಂದ ನುಂಗ್ತಿಲ್ಲ. ನೀವು ಬೈತೀರ ಅಂತ ನಾನೇ ಸುಳ್ಳು ಟಿಕ್ ಹಾಕ್ದೆ.”

“ನನ್ಮೇಲೇ ಚಾಡಿ ಹೇಳ್ತೀಯಾ?” ಅಪ್ಪ ಗುಡುಗಿದ. “ಹೌದಮ್ಮ, ನುಂಗಿಲ್ಲ. ಏನೀಗ? ಕಫದ ಟೆಸ್ಟಲ್ಲಿ ಕ್ರಿಮಿ ಇಲ್ಲ ಅಂದ್ರಿ. ಮತ್ತೆ ಜ್ವರ ಯಾಕೆ ಬಂತು? ನಿಮ್ಮ ಮಾತ್ರೆಯೇ ನನ್ನ ಸುಡ್ತಿರೋದು!”

“ಎಕ್ಸ್‌ರೇ ನೋಡಿ ಡಾಕ್ಟರ್ ಏನಂದ್ರು?” ನರ್ಸ್ ಅಕ್ಕ ಕೇಳಿದಳು.

“ಒಳಗೆ ಊತ ಇದೆ, ಮಾತ್ರೆ ಮಾತ್ರ ಬಿಡಬೇಡ ಅಂದ್ರು. ಅವರಿಗೇನು? ಮೈ ನಂದು!”

ನರ್ಸ್ ಅಕ್ಕನೂ ಬಗ್ಗುವವಳಲ್ಲ. “ಕೂತ್ಕೊಳ್ಳಿ ಅಣ್ಣ. ಮಾತ್ರೆಗೆ ಕ್ರಿಮಿ ಸಾಯ್ತವೆ. ಆದ್ರೆ ಅವುಗಳ ಪ್ರೋಟೀನ್ ಚೂರುಗಳು ಶ್ವಾಸಕೋಶದಲ್ಲೇ ಬಿದ್ದಿರ್ತವೆ. ಅಲ್ಲಿನ ಜೀವಕೋಶಗಳಿಗೆ ಒಂದು ಚೂರು ತಗಲಿದ್ರೂ ಸಾಕು, ‘ಕಳ್ಳ, ಕಳ್ಳ!’ ಅಂತ ಬೊಬ್ಬೆ ಹೊಡೀತವೆ. ರಕ್ತದಲ್ಲಿ ಕಾವಲಿರೋ ಕಣಗಳು ಓಡಿ ಬರ್ತವೆ. ಆ ನೂಕುನುಗ್ಗಲಿಗೇ ಊತ, ಜ್ವರ ಎಲ್ಲಾ.”

“ಸತ್ತ ಕಳ್ಳನ್ನ ನೋಡಿ ಯಾರು ಬೊಬ್ಬೆ ಹೊಡೀತಾರೆ? ಒಳ್ಳೆ ಕತೆ!” ಅಪ್ಪ ಮೊಣಕೈ ಪರಪರ ಕೆರೆದುಕೊಂಡ.

ಗಿರಗಿಟ್ಲೆಯ ಕಣ್ಣು ಅಲ್ಲಿಗೇ ಹೋಯಿತು. “ಅಪ್ಪಾ, ಅದೇನು ಗುಳ್ಳೆ?”

“ಸೊಳ್ಳೆ ಕಚ್ಚಿದ್ದು.”

“ಸೊಳ್ಳೆ ಎಲ್ಲಿ?”

“ಆಗ್ಲೇ ಹೊಡೆದು ಸಾಯಿಸಿದ್ನಲ್ಲ!”

“ಸತ್ತೋಯ್ತು ತಾನೇ? ಮತ್ತೆ ಇನ್ನೂ ಯಾಕೆ ಊದಿದೆ?”

ಅಪ್ಪ ಕೆರೆಯುವುದನ್ನು ನಿಲ್ಲಿಸಿ ಗುಳ್ಳೆಯನ್ನೇ ನೋಡಿದ.

ನರ್ಸ್ ಅಕ್ಕ ಕಿಸಕ್ಕನೆ ನಕ್ಕಳು. “ನನಗಿಂತ ಇವಳೇ ವಾಸಿ! ಸೊಳ್ಳೆ ಹೋಯ್ತು, ಅದರ ಎಂಜಲಿನ ಪ್ರೋಟೀನ್ ಚರ್ಮದೊಳಗೆ ಉಳೀತು. ಊದಿಸ್ತಿರೋದು ನಿಮ್ಮ ಮೈಯೇ.” ನಗು ನಿಲ್ಲಿಸಿ ಹೇಳಿದಳು: “ಆದ್ರೆ ಟೆಸ್ಟಿಗೆ ಸಿಗದ ಕ್ರಿಮಿ ಇನ್ನೂ ಇರ್ತವೆ ಅಣ್ಣ. ಈಗ ಬಿಟ್ರೆ ಮೈ ಕೊಡವಿ ಏಳ್ತವೆ. ಆಮೇಲೆ ಈ ಮಾತ್ರೆಗೂ ಜಗ್ಗಲ್ಲ.”

ಡಾಕ್ಟರಿಗೆ ಫೋನ್ ಹೋಯಿತು. ತಪ್ಪಿದ್ದನ್ನೆಲ್ಲ ಒಟ್ಟಿಗೆ ನುಂಗಬಾರದು, ಇವತ್ತಿನದು ಇವತ್ತೇ ನುಂಗಬೇಕು, ಜ್ವರ ನೋಡಲು ನಾಳೆ ಆಸ್ಪತ್ರೆಗೆ ಬರಬೇಕು ಎಂದರು. ನರ್ಸ್ ಅಕ್ಕ ಮೂರು ಸುಳ್ಳು ಟಿಕ್ಕಿಗೂ ಕೆಂಪು ಸುತ್ತು ಹಾಕಿದಳು. ಗಿರಗಿಟ್ಲೆಯ ಕಿವಿ ಬಿಸಿಯಾಯಿತು.

“ಇನ್ನೆಷ್ಟು ತಿಂಗಳು?” ಅಪ್ಪ ಗೊಣಗಿದ.

“ನಾಲ್ಕು.”

ಅಪ್ಪ ಕೈ ಚಾಚಿದ. ಗಿರಗಿಟ್ಲೆ ನೀರು ಕೊಟ್ಟಳು. ಒಂದೊಂದೇ ಮಾತ್ರೆ ಗಂಟಲಲ್ಲಿ ಇಳಿಯಿತು. ಅವಳು ಬಿಡಲಿಲ್ಲ. “ಆ ಅನ್ನು. ನಾಲಿಗೆ ಎತ್ತು.”

“ಪೊಲೀಸ್ ಆಗ್ತೀಯಾ ನೀನು,” ಎಂದು ಅಪ್ಪ ಬಾಯಿ ಅಗಲಿಸಿದ.

ಮರುದಿನ ಬೆಳಿಗ್ಗೆ ಮಾತ್ರೆ ನುಂಗಿದ ಅಪ್ಪನ ಹಣೆಯನ್ನು ಗಿರಗಿಟ್ಲೆ ಮುಟ್ಟಿದಳು.

“ಸುಡ್ತಿದೆಯೇನೇ?”

“ಹೂಂ. ಒಳಗೆ ಇನ್ನೂ ಬೊಬ್ಬೆ ಹೊಡೀತಿದಾರೆ.”

ನಿನ್ನೆಯವರೆಗೂ ಆ ಬಿಸಿ ತಗಲಿದ ಕೂಡಲೇ ಅವಳು ಹೆದರಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಇವತ್ತು ಎಳೆದುಕೊಳ್ಳಲಿಲ್ಲ.