ಅಕ್ಕನ ಟ್ಯಾಗು ಅಳಿಸಿದವರು

ಬೆಳಿಗ್ಗೆ ಕರಡು ತಿದ್ದುವಾಕೆ ಕಂಪ್ಯೂಟರ್ ತೆರೆದಳು. ಅವಳ ಅಕ್ಕನ ಟಿಪ್ಪಣಿಗಳು ಇರಲಿಲ್ಲ. ನಾನೂರ ಹನ್ನೆರಡರಲ್ಲಿ ಒಂದೂ ಉಳಿದಿರಲಿಲ್ಲ.

ಅದು ಹಳೆಯ ಧ್ವನಿಮುದ್ರಣಗಳ ಸಂಗ್ರಹಾಲಯ. ದಿನಕ್ಕೊಂದು ಧ್ವನಿ ಎಕ್ಸ್‌ಎಂಎಲ್ ಫೀಡಿನಲ್ಲಿ, ಎಂದರೆ ತಾನಾಗಿ ತಲುಪುವ ಪಟ್ಟಿಯಲ್ಲಿ, ಕೇಳುಗರ ಕಂಪ್ಯೂಟರಿಗೆ ಹೋಗುತ್ತಿತ್ತು. ಬದುಕಿದ್ದಾಗ ಅಕ್ಕನೇ ಅದನ್ನು ನೋಡಿಕೊಳ್ಳುತ್ತಿದ್ದಳು. ಫೀಡಿನ ಯಾವ ನಿಯಮಾವಳಿಯಲ್ಲೂ ಇಲ್ಲದ ಟ್ಯಾಗೊಂದನ್ನು, ಮಾಹಿತಿಗೆ ಹಚ್ಚುವ ಗುರುತುಚೀಟಿಯಂಥದನ್ನು, ತಾನೇ ಹುಟ್ಟಿಸಿ, ಅದರೊಳಗೆ ಪ್ರತಿ ಧ್ವನಿಯ ಬಗ್ಗೆ ಎರಡು ಮಾತು ಬರೆದಿಡುತ್ತಿದ್ದಳು. ಅವಳು ಹೋದ ಮೇಲೆ ತಂಗಿ ಅವನ್ನು ಹನಿಹನಿಯಾಗಿ ಓದುತ್ತಿದ್ದಳು. ಬೇಗ ಮುಗಿದುಹೋಗಬಾರದಲ್ಲ.

"ಬ್ಯಾಕಪ್ ಇಲ್ವಾ?" ಎಂದು ಕೇಳಿದಳು.

"ಅದರಲ್ಲೂ ಹಳೇದು ಅಳಿದು ಹೊಸ ಪ್ರತಿಯೇ ಕೂತಿದೆ," ಎಂದ ಸರ್ವರ್ ನೋಡಿಕೊಳ್ಳುವವನು. ಕಚೇರಿಗೆಲ್ಲ ಅವನು 'ತಂತಿ'. "ಯಾರೋ ಹೊರಗಿನವರು ನುಗ್ಗಿರಬೇಕು ಕಣ್ರೀ."

"ಫೀಡನ್ನ ನಾನಂತೂ ಮುಟ್ಟಿಲ್ಲಮ್ಮ," ಎಂದರು ಮುಖ್ಯಸ್ಥರು, ಕೇಳದೆಯೇ.

\*\*\*

ಮೊದಲ ಗುಮಾನಿ ತಂತಿಯ ಮೇಲೆ. ಆ ಟ್ಯಾಗಿಗಾಗಿ ಅಕ್ಕನೊಡನೆ ಜಗಳವಾಡಿದವನು ಅವನೇ.

ತಂಗಿಯ ಮೇಜಿನ ಖಾನೆಯಲ್ಲಿ ಫೀಡಿನ ಹಳೆಯ ಮುದ್ರಿತ ಹಾಳೆಯೊಂದಿತ್ತು. ಅದನ್ನು ಈಗಿನ ಫೀಡಿನೊಡನೆ ಸಾಲಿಗೆ ಸಾಲು ಹೋಲಿಸಿದಳು. ಶೀರ್ಷಿಕೆ ಇತ್ತು. ದಿನಾಂಕ ಇತ್ತು. ಆದರೆ ಚಿತ್ರದ ಅಳತೆಗೆಂದು ತಂತಿಯೇ ಸೇರಿಸಿದ್ದ, ನಿಯಮಾವಳಿಯಲ್ಲಿಲ್ಲದ ಟ್ಯಾಗೂ ಮಾಯವಾಗಿತ್ತು.

ತಪ್ಪು ಹುಡುಕುವ ತಂತ್ರಾಂಶವನ್ನೂ ತೆರೆದು ನೋಡಿ, ಅವಳು ನೆಟ್ಟಗೆ ಮುಖ್ಯಸ್ಥರ ಕೋಣೆಗೆ ಹೋದಳು.

\*\*\*

"ಕಳ್ಳ ಬೇಕಾದ್ದನ್ನ ಒಯ್ತಾನೆ ಸರ್. ಇಲ್ಲಿ ಹೋಗಿರೋದು ಗುರುತಿಲ್ಲದ್ದು ಮಾತ್ರ. ಇದು ಜರಡಿ ಹಿಡಿದ ಕೆಲಸ. ತಪ್ಪು ಹುಡುಕೋ ವ್ಯಾಲಿಡೇಟರ್ ನೋಡಿದೆ. ಗೊತ್ತಿಲ್ಲದ ಟ್ಯಾಗ್ ಕಂಡ್ರೆ ಮುಂಚೆ 'ಎಚ್ಚರಿಸು' ಅಂತಿತ್ತು. ಈಗ 'ತೆಗೆದುಹಾಕು' ಅಂತಿದೆ. ಅದನ್ನ ಬದಲಿಸಬಲ್ಲವರು ತಂತಿ, ಇಲ್ಲಾ ನೀವು. ಅವನು ತನ್ನ ಟ್ಯಾಗನ್ನ ತಾನೇ ಅಳಿಸ್ಕೊಳ್ತಾನಾ? ನಿನ್ನೆ ಸಂಜೆ ನಮ್ಮ ಪುಟಕ್ಕೆ 'ಫೀಡು ದೋಷರಹಿತ' ಅನ್ನೋ ಮುದ್ರೆ ಹಾಕಿಸಿದ್ದು ನೀವು. ಒಂದು ಎಚ್ಚರಿಕೆ ಇದ್ರೂ ಅದು ಸಿಗಲ್ಲ."

ಮುಖ್ಯಸ್ಥರು ಕನ್ನಡಕ ತೆಗೆದರು. "ಕಸ ಅಂದ್ಕೊಂಡೆನಮ್ಮ. ಬೆಳಿಗ್ಗೆ ನಿನ್ನ ಮುಖ ನೋಡಿ ನಿಜ ಹೇಳೋಕೆ ಬಾಯೇ ಬರಲಿಲ್ಲ."

"ಗೊತ್ತಿಲ್ಲದ್ದೆಲ್ಲ ತಪ್ಪಲ್ಲ ಸರ್. ನಮಗೆ ಗೊತ್ತಿಲ್ಲ, ಅಷ್ಟೆ."

\*\*\*

ಫೀಡಿನ ಹಳೆಯ ಪ್ರತಿ ಯಾರ ಬಳಿಯಾದರೂ ಇದೆಯೇ ಎಂದು ಕೇಳುಗರಿಗೆಲ್ಲ ಪತ್ರ ಹೋಯಿತು. ಒಂಬತ್ತನೆಯ ದಿನ ಗಡಿಯಾರ ರಿಪೇರಿಯ ಮುದುಕರೊಬ್ಬರು ಉತ್ತರಿಸಿದರು. ಅವರ ಕಂಪ್ಯೂಟರಿನ ಹಳೆಯ ಪ್ರೋಗ್ರಾಂ ಆ ಟ್ಯಾಗನ್ನು ಓದಲಾರದೆ ಬಿಟ್ಟಿತ್ತು. ಆದರೆ ಎಸೆದಿರಲಿಲ್ಲ. ನಾನೂರ ಹನ್ನೆರಡೂ ಇದ್ದವು.

ತಂಗಿ ಇನ್ನೂ ಓದದ ಒಂದನ್ನು ತೆರೆದಳು. ನೇಕಾರರೊಬ್ಬರ ಹಾಡು. ಕೆಳಗೆ ಅಕ್ಕ ಬರೆದಿದ್ದಳು:

'ನಡುವೆ ಕೆಮ್ಮುವವಳು ನನ್ನ ತಂಗಿ. ದಯವಿಟ್ಟು ಯಾರೂ ಕತ್ತರಿಸಬೇಡಿ. ನಾನು ಈ ಹಾಡು ಕೇಳುವುದೇ ಆ ಕೆಮ್ಮಿಗಾಗಿ.'