ಸೂರ್ಯನನ್ನು ಕರೆದ ತೂವಾ

ಬಹಳ ಬಹಳ ಹಿಂದೆ, ಉತ್ತರ ದಿಕ್ಕಿನ ತುತ್ತತುದಿಯಲ್ಲಿ, ಸಮುದ್ರವೇ ಹೆಪ್ಪುಗಟ್ಟುವಂಥ ಚಳಿಯ ಸೀಮೆಯಲ್ಲಿ, ಹ್ರಿಮದಾಲ ಎಂಬ ರಾಜ್ಯವಿತ್ತು. ಚಳಿಗಾಲ ಬಂತೆಂದರೆ ಅಲ್ಲಿ ಸೂರ್ಯ ಮುಳುಗಿ ತಿಂಗಳುಗಟ್ಟಲೆ ಪತ್ತೆಯೇ ಇರುತ್ತಿರಲಿಲ್ಲ. ಕಡೆಗೆ ಜನರೇ ಗುಡ್ಡ ಹತ್ತಿ, ತಮಟೆ ಬಡಿದು, ಆಡಿನ ಕೊಂಬು ಊದಿ ಅವನನ್ನು ಕರೆಯಬೇಕಿತ್ತು. ಹೇಗೆ ಅಂತೀರಾ? ಮೇಯಲು ಹೋದ ಹಸುವನ್ನು ಸಂಜೆ ಕರೆಯುತ್ತಾರಲ್ಲ, ಹಾಗೆ!

ಕರೆಯುವವಳು ತೂವಾ ಎಂಬ ದನ ಕಾಯುವ ಹುಡುಗಿಯ ತಾಯಿ. ಆಕೆ ಕೊರಳೆತ್ತಿದರೆ ದನಿ ಕಣಿವೆ ದಾಟಿ ಹೋಗುತ್ತಿತ್ತು, ಕೇಳಿದವರ ಮೈ ಜುಮ್ಮೆನ್ನುತ್ತಿತ್ತು. ಆದರೆ ಅದು ಅಜ್ಜ ಮುತ್ತಜ್ಜಂದಿರ ಹಾಡು. ಒಂದು ಸೊಲ್ಲು ಆಚೀಚೆ ಆಗುವಂತಿರಲಿಲ್ಲ.

ಆ ವರ್ಷ ತಾಯಿ ಹಾಡಲು ತೊಡಗಿದ್ದೇ ತಡ, ಬೆಟ್ಟದ ಮೇಲಿಂದ ಇನ್ನೊಂದು ದನಿ ಕೇಳಿತು. ಹಾಡು ಕದಿಯುವ ಗ್ರಾಮುರನೆಂಬ ಮಾಯಾವಿಯ ದನಿ ಅದು. ಮುಂದಿನ ಸಾಲನ್ನು ಆಕೆಗಿಂತ ಮೊದಲೇ ಅವನು ಹಾಡಿಬಿಟ್ಟ. ಹಾಡಿದ್ದೇ ಹಾಡಿದ್ದು, ಹಾಡು ಸರ್ರನೆ ಅವನ ಚರ್ಮದ ಚೀಲ ಸೇರಿತು. ತಾಯಿಯ ಬಾಯಿ ಕಟ್ಟಿತು, ಪಾದ ಮಂಜುಗಡ್ಡೆಯಾಯಿತು. ಮಂಜು ಮೆಲ್ಲಮೆಲ್ಲನೆ ಮೇಲೇರತೊಡಗಿತು. ಎದೆಗೆ ಮುಟ್ಟಿದರೆ ಮುಗಿದೇ ಹೋಯಿತು!

ತೂವಾ ರಾಜನ ಬಳಿಗೆ ಓಡಿದಳು. "ಪ್ರಭೂ, ಪ್ರತಿವರ್ಷ ಅದೇ ಹಾಡು. ಕೇಳಿ ಕೇಳಿ ಗ್ರಾಮುರನಿಗೆ ಬಾಯಿಪಾಠವಾಗಿದೆ," ಎಂದಳು. "ಹೊಸ ಹಾಡು ಕಟ್ಟೋಣ."

"ಬಿಡ್ತು ಅನ್ನು!" ಎಂದು ರಾಜ ಹಾಲ್ವಾರ ಕಿವಿ ಮುಚ್ಚಿಕೊಂಡ. "ಹಿರಿಯರ ಹಾಡು ಕೆಡಿಸಿದರೆ ನಾಡಿಗೆ ಒಳಿತಲ್ಲ."

ಇದಪ್ಪಾ ಬುದ್ಧಿ! ಕಳ್ಳನ ಕೈಗೆ ಬೀಗದಕೈ ಕೊಟ್ಟು ಬಾಗಿಲು ಕಾಯುತ್ತ ಕೂತಿದ್ದರು. ತೂವಾ ತಮಟೆ, ಕೊಂಬು ಹೆಗಲಿಗೇರಿಸಿ ಗ್ರಾಮುರನನ್ನು ಹುಡುಕಿಕೊಂಡು ಬೆಟ್ಟದ ದಾರಿ ಹಿಡಿದಳು.

ಹೋಗ್ತಾ ಹೋಗ್ತಾ ಒಂದು ಇಕ್ಕಟ್ಟಿನ ಕಣಿವೆ ಬಂತು. ಅಲ್ಲೊಂದು ಬಿಳಿ ಕರಡಿ ದಾರಿಗಡ್ಡ ನಿಂತಿತ್ತು. ತೂವಾ ಹೆದರಿ ಹಳೆಯ ಹಾಡು ಎತ್ತಿದಳು. ಗ್ರಾಮುರ ಮೇಲಿಂದ ಮುಂದಿನ ಸಾಲು ಹಾಡಿದ, ಅವಳ ಕಿರುಬೆರಳು ಮರಗಟ್ಟಿತು. ಕರಡಿ ಬಾಯ್ತೆರೆಯಿತು. ತೂವಾಳ ಎದೆ ಡವಡವ ಹೊಡೆದುಕೊಂಡಿತು. ಆ ಡವಡವವನ್ನೇ ಅವಳು ತಮಟೆಯ ಮೇಲೆ ಬಾರಿಸಿದಳು.

"ಅರೆ, ನನ್ನ ಎದೆಯೂ ಹೀಗೇ ಬಡಿಯುತ್ತದಲ್ಲೇ ಹುಡುಗಿ!" ಎಂದಿತು ಕರಡಿ. "ಹೋಗು ತಾಯಿ, ಹೋಗು."

ಹೋಗ್ತಾ ಹೋಗ್ತಾ ಹೆಪ್ಪುಗಟ್ಟಿದ ಸರೋವರ ಬಂತು. "ನನ್ನ ದನಿಗೆ ದನಿ ಕೂಡಿಸದವರನ್ನು ನುಂಗುತ್ತೇನೆ," ಎಂದಿತು ಸರೋವರ. ತೂವಾ ಮಂಜಿಗೆ ಕಿವಿಯಿಟ್ಟು ಮಲಗಿದಳು. ಆಳದಲ್ಲಿ ನೀರು ಗುಂಯ್ ಎನ್ನುತ್ತಿತ್ತು. ಎದ್ದು, ಅದೇ ಸ್ವರ ಹಿಡಿದು ಕೊಂಬು ಊದಿದಳು. ಎರಡು ದನಿ ಸೇರಿ ಬೆಟ್ಟವೆಲ್ಲ ಮೊಳಗಿತು. ಸರೋವರ ಆಕಳಿಸಿ ಸುಮ್ಮನಾಯಿತು, ತೂವಾ ದಾಟಿದಳು.

ಹೋಗ್ತಾ ಹೋಗ್ತಾ ಗ್ರಾಮುರನ ಗವಿ ಬಂತು. ಮಾಯಾವಿ ಉಬ್ಬಿದ ಚೀಲದ ಮೇಲೆ ಕೂತು ನಗುತ್ತಿದ್ದ.

"ಹಾಡೇ ಮರಿ, ಹಾಡು! ನನಗೆ ಬಾರದ ಹಾಡು ಯಾವುದಿದೆ?"

ತೂವಾ ತಮಟೆ ಬಾರಿಸಿದಳು. "ದಾರಿಯಲ್ಲಿ ಇದನ್ನು ಕೇಳಿಯಾಯಿತು," ಎಂದು ಅವನೂ ತೊಡೆ ತಟ್ಟಿದ. ಅವಳ ಕಾಲು ಮಂಜಾಯಿತು. ಕೊಂಬು ಊದಿದಳು. "ಇದನ್ನೂ ಕೇಳಿದೆ," ಎಂದು ಗುಂಯ್ಗುಟ್ಟಿದ. ಮಂಜು ಸೊಂಟಕ್ಕೇರಿತು.

ಅಯ್ಯೋ, ಅಮ್ಮನಿಗೂ ಈಗ ಇಷ್ಟೇ ಆಗಿರಬೇಕು, ಅಲ್ಲ, ಇನ್ನೂ ಹೆಚ್ಚೇ ಆಗಿರಬೇಕು! ತೂವಾಳಿಗೆ ದುಃಖ ಉಕ್ಕಿ ಬಂತು. ಸೂರ್ಯನೂ ಬೇಡ, ರಾಜ್ಯವೂ ಬೇಡ, ಅಮ್ಮ ಇದ್ದರೆ ಸಾಕು ಅನ್ನಿಸಿತು. ಆ ನಾಡಿನಲ್ಲಿ ಮಕ್ಕಳು ಹೆತ್ತವರ ಹೆಸರು ಹಿಡಿದು ಕರೆಯುವಂತಿರಲಿಲ್ಲ, ನಾಲಗೆ ಬಿದ್ದುಹೋಗುತ್ತದೆ ಅನ್ನುತ್ತಿದ್ದರು. ಬಿದ್ದರೆ ಬೀಳಲಿ ಎಂದು ತೂವಾ ಕೊರಳೆತ್ತಿ ಕೂಗಿದಳು:

"ಸೋಲ್ವೇಯ್! ಓ ಸೋಲ್ವೇಯ್! ಕತ್ತಲಾಯಿತು, ಮನೆಗೆ ಬಾ!"

ಗ್ರಾಮುರ ಬಾಯಿ ತೆರೆದ. ಮುಂದೇನು? ಅವನಿಗೆ ತಿಳಿಯದು. ತೂವಾಳಿಗೂ ತಿಳಿಯದು! ಬಾಯಿಗೆ ಬಂದದ್ದೇ ಸಾಲು. ಅಮ್ಮನ ಒರಟು ಕೈ, ಅಮ್ಮ ಕಾಸಿದ ಗಂಜಿ, ಅಮ್ಮನ ಬೈಗುಳ, ಎಲ್ಲವನ್ನೂ ಹಾಡಿದಳು. ಕೆಳಗೆ ಸರೋವರ ಗುಂಯ್ಗುಟ್ಟಿತು, ಕರಡಿ ನೆಲ ಬಡಿಯಿತು. ಆಹಾ, ಏನು ಹಾಡಪ್ಪ ಅದು! ಬೆಟ್ಟದಷ್ಟು ಹಳೆಯದು, ಆಗ ತಾನೇ ಹುಟ್ಟಿದ್ದು. ಹಾಡು ಒಳಗೆ ಹೋಗಲಾರದೆ ಚೀಲ ಟಪ್ಪೆಂದು ಒಡೆಯಿತು. ಕದ್ದ ಹಾಡುಗಳೆಲ್ಲ ಹಕ್ಕಿಗಳಾಗಿ ಹಾರಿದವು. ಗ್ರಾಮುರ ಕರಗಿ ನೀರಾದ, ತೂವಾಳ ಮೈಗೇರಿದ್ದ ಮಂಜೂ ಕರಗಿತು. ಬೆಟ್ಟದಾಚೆಯಿಂದ ಸೂರ್ಯ ಇಣುಕಿದ.

ತೂವಾ ಏಳುತ್ತ ಬೀಳುತ್ತ ಮನೆಗೆ ಓಡಿದಳು. ರಾಜ ಹಾಲ್ವಾರ ಬಾಗಿಲಲ್ಲಿ ನಿಂತು ಕಣ್ಣೊರೆಸಿಕೊಳ್ಳುತ್ತಿದ್ದ. "ಆ ಹಾಡು ಇಲ್ಲಿವರೆಗೂ ಕೇಳಿತಮ್ಮಾ. ನಾನೇ ತಪ್ಪಿದೆ. ಇನ್ನು ವರ್ಷಕ್ಕೊಂದು ಹೊಸ ಹಾಡು ಕಟ್ಟಿ," ಎಂದ. ಹಾಗೇ ಆಯಿತು. ಹ್ರಿಮದಾಲಕ್ಕೆ ಮತ್ತೆಂದೂ ಸೂರ್ಯ ತಪ್ಪಲಿಲ್ಲ, ಜನ ಹಾಡಿಕೊಂಡು ಉಂಡುಕೊಂಡು ಚೆನ್ನಾಗಿ ಬಾಳಿದರು.

ಆದರೆ ಅವತ್ತು ಒಳಗೆ, ಒಲೆಯ ಮುಂದೆ, ತಾಯಿ ಒದ್ದೆ ಸೆರಗು ಹಿಂಡುತ್ತ ಕೂತಿದ್ದಳು. ಮಗಳನ್ನು ಕಂಡು ಕಣ್ಣು ಕೆಕ್ಕರಿಸಿದಳು.

"ಏನೇ, ಹೆತ್ತ ತಾಯಿಯ ಹೆಸರು ಹಿಡಿದು ಊರೆಲ್ಲ ಕೇಳೋ ಹಾಗೆ ಕೂಗ್ತೀಯಾ?"

"ತಪ್ಪಾಯ್ತಮ್ಮಾ," ಎಂದು ತೂವಾ ತಲೆ ತಗ್ಗಿಸಿದಳು.

ತಾಯಿ ಅವಳನ್ನು ಬರಸೆಳೆದು ತಬ್ಬಿಕೊಂಡಳು. "ಇನ್ನೊಂದು ಸಲ ಕರೆಯೇ, ಮಗಳೇ," ಎಂದಳು.